ಹೊಳೆಯುವುದು ಬೇಡ, ಹೊಗೆಯುಗುಳುವುದೇ ಇರಲಿ

ಪ್ರಶ್ನೆ: ನನಗೆ 54 ವರ್ಷ. ಅಪ್ಪನ ಬಳಿ ಒಂದು ಎಂಜಿಬಿ ಇತ್ತು, ಚಾವಣಿ ಮಡಚುವ ಎರಡು ಸೀಟಿನ ಕಾರು. ಭಾನುವಾರ ಅವರು ಬಾನೆಟ್ ಎತ್ತಿದರೆ ಟಾರ್ಚ್ ಹಿಡಿಯುವ ಕೆಲಸ ನನ್ನದು, ಸ್ಪ್ಯಾನರ್ ಮಾತ್ರ ಅಣ್ಣನಿಗೆ. ಈಗ ನನ್ನ ಉಳಿತಾಯದಲ್ಲಿ ಅಂಥದ್ದೇ ಒಂದನ್ನು ಕೊಂಡು, ರಜಾ ದಿನ ಬಿಚ್ಚಿ ಜೋಡಿಸುತ್ತ ಕೂರುವ ಆಸೆ. ಎರಡು ನೋಡಿದ್ದೇನೆ, ಬೆಲೆ ಹೆಚ್ಚುಕಡಿಮೆ ಒಂದೇ. ಒಂದಕ್ಕೆ ಈಗಷ್ಟೇ ಕೆಂಪು ಬಣ್ಣ ಹೊಡೆದಿದ್ದಾರೆ, ಎಂಜಿನ್ ಸದ್ದಿಲ್ಲದೆ ಓಡುತ್ತದೆ. ಇನ್ನೊಂದರ ಬಣ್ಣ ಮಾಸಿದೆ, ಚಾವಣಿ ಹರಿದಿದೆ, ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಗಂಡ ‘ತಗೊಳ್ಳಲೇಬೇಕು ಅಂದರೆ ಕೆಂಪಿದನ್ನಾದರೂ ತಗೋ’ ಅನ್ನುತ್ತಾರೆ. ಮಗ ‘ನಿನಗ್ಯಾಕಮ್ಮ ಈ ಗುಜರಿ’ ಎಂದು ನಗುತ್ತಾನೆ. ನನ್ನದು ಹುಚ್ಚೇ?

ಉತ್ತರ: ಹುಚ್ಚೇ. ಆದರೆ ಬಿಡಿಭಾಗ ಸಿಗುವ ಹುಚ್ಚು, ಅದು ದೊಡ್ಡ ಸಮಾಧಾನ. 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದ ಕಾರು ಇದು. ಇವತ್ತಿಗೂ ಇದರ ವಾಷರ್‌ನಿಂದ ಹಿಡಿದು ಇಡೀ ಬಾಡಿಯವರೆಗೆ ಹೊಸದಾಗಿ ಮಾಡುವವರಿದ್ದಾರೆ. ಮೊದಲ ಕಾರಾಗಿ ನೀವು ಆರಿಸಿರುವುದು ಕೆಟ್ಟದ್ದೇನಲ್ಲ.

ನನಗೆ ಗುಮಾನಿ ಇರುವುದು ಆ ಕೆಂಪು ಬಣ್ಣದ ಮೇಲೆ. ಮಾರುವ ಮುನ್ನ ಯಾಕೆ ಬಣ್ಣ ಹೊಡೆದರು? ಮಾಮೂಲಿ ಕಾರಿಗೆ ತಲೆಯ ಮೇಲಿನ ತಗಡೂ ಒಂದಿಷ್ಟು ಬಲ ಕೊಡುತ್ತದೆ. ತೆರೆದ ಕಾರಿಗೆ ಅದಿಲ್ಲ. ಮುಂಭಾಗ ಹಿಂಭಾಗ ಎರಡನ್ನೂ ಹಿಡಿದಿಟ್ಟಿರುವುದು ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಸಿಲ್, ಹೊಸ್ತಿಲು ಅನ್ನಿ ಬೇಕಾದರೆ. ಅದು ಕೊಳೆಯುವುದು ಒಳಗಿನಿಂದ. ಹೊರಗೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಮುಗಿಯಿತು, ಕಣ್ಣಿಗೆ ಕಾಣುವುದಿಲ್ಲ. ಒಮ್ಮೆ ನಾನೇ ಹೊಳಪಿಗೆ ಮರುಳಾಗಿ ಒಂದು ಹಳೇ ಕಾರು ತಂದೆ. ವಾರದ ನಂತರ ಕಾರ್ಪೆಟ್ ಎತ್ತಿ ಸ್ಕ್ರೂ ಡ್ರೈವರ್ ಒತ್ತಿದರೆ ಅದು ನೆಲ ದಾಟಿ ಆಚೆ ಬಂತು.

ಹಾಗಾಗಿ ಮತ್ತೆ ಹೋಗುವಾಗ ಬಟ್ಟೆ ಸುತ್ತಿದ ಅಯಸ್ಕಾಂತ ಒಂದು ಜೊತೆಗಿರಲಿ. ಸಿಲ್ ಉದ್ದಕ್ಕೂ ಸರಿಸಿ. ಅಂಟದ ಕಡೆ ಇರುವುದು ತಗಡಲ್ಲ, ಪುಟ್ಟಿ. ಆಮೇಲೆ ಬಾಗಿಲಿನ ಸುತ್ತಲ ಸಂದಿ ನೋಡಿಕೊಂಡು, ಜ್ಯಾಕ್ ಹಾಕಬೇಕಾದ ಜಾಗಕ್ಕೇ ಜ್ಯಾಕ್ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿಸಿ. ಆಗ ಬಾಗಿಲು ತೆರೆದು ಮುಚ್ಚಿ ನೋಡಿ. ಸಂದಿ ಬದಲಾದರೆ, ಬಾಗಿಲು ಕಚ್ಚಿಕೊಂಡರೆ, ಅಥವಾ ಜ್ಯಾಕ್ ಇಟ್ಟಲ್ಲಿ ಹಪ್ಪಳ ಮುರಿದಂಥ ಸದ್ದು ಬಂದರೆ ನಮಸ್ಕಾರ ಹೇಳಿ ಹೊರಡಿ. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಮಾತ್ರ ತಲೆ ಹಾಕಬೇಡಿ.

ಮಾಸಿದ ಕಾರಿಗೂ ಇದೇ ಪರೀಕ್ಷೆ, ರಿಯಾಯಿತಿ ಇಲ್ಲ. ಹರಿದ ಚಾವಣಿ ಎಂದರೆ ಒಳಗೆ ನೀರು ನಿಂತಿರುತ್ತದೆ. ಕಾರ್ಪೆಟ್ ಎತ್ತಿಸಿ, ಸೀಟಿನ ಹಿಂದೆ ಬ್ಯಾಟರಿ ಕೂರುವ ಗೂಡನ್ನೂ ಮುಟ್ಟಿ ನೋಡಿ. ತಗಡು ಗಟ್ಟಿಯಿದ್ದರೆ ನನ್ನ ಓಟು ಇದಕ್ಕೇ. ನಿಮಗೆ ಬೇಕಿರುವುದು ಕೈಗೆ ಕೆಲಸ. ಹೊಗೆ, ಎಣ್ಣೆ ಸೋರಿಕೆ, ಕೈಕೊಡುವ ಲೈಟು, ಹರಿದ ಬಟ್ಟೆ ಎಲ್ಲವೂ ರಜಾ ದಿನಗಳಲ್ಲಿ ಒಂದೊಂದಾಗಿ ಬಗೆಹರಿಯುವ ತಂಟೆಗಳು. ತುಕ್ಕು ಹಿಡಿದ ಸಿಲ್ ಹಾಗಲ್ಲ. ಅದಕ್ಕೆ ಬಾಡಿ ಬಾಗದಂತೆ ಆನಿಕೆ ಕೊಟ್ಟು, ಕತ್ತರಿಸಿ, ಬೆಸುಗೆ ಹಾಕುವವರು ಬೇಕು. ಅಲ್ಲಿ ನೀವು ಮತ್ತೆ ಟಾರ್ಚ್ ಹಿಡಿಯುವವರೇ.

ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ರಾತ್ರಿಯಿಡೀ ನಿಂತು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಮೋಡ ಬಂದು ನಿಂತರೆ, ಸಾಮಾನ್ಯವಾಗಿ ವಾಲ್ವ್ ಸೀಲ್ ಸವೆದಿದೆ ಎಂದರ್ಥ. ಓಡುತ್ತಿರುವಾಗ ಎಕ್ಸಲರೇಟರ್ ಒತ್ತಿದಷ್ಟೂ ಹೊಗೆ ಬಂದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ, ಖರ್ಚೂ ದೊಡ್ಡದು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ಅಳೆಸಿ. ನಾಲ್ಕೂ ಸಿಲಿಂಡರ್ ಹತ್ತಿರಹತ್ತಿರದ ಅಂಕಿ ತೋರಿಸಬೇಕು, ಆ ಅಂಕಿಯೂ ತೀರಾ ಕೆಳಗಿರಬಾರದು. ರಿಂಗೇ ಹೋಗಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ.

ಬ್ರೇಕ್ ಮತ್ತು ಸ್ಟಿಯರಿಂಗ್ ವಿಷಯದಲ್ಲಿ ಮಾತ್ರ ಕಲಿಕೆಯ ಹುಮ್ಮಸ್ಸು ಬೇಡ. ಪಳಗಿದ ಕೈಯೊಂದು ನೋಡಿ ಸರಿ ಎನ್ನಲಿ. ಬ್ರೇಕ್ ದ್ರವ ನೀರು ಹೀರುತ್ತದೆ, ರಬ್ಬರ್ ಹೋಸ್ ಒಳಗೊಳಗೇ ಊದಿಕೊಳ್ಳುತ್ತದೆ, ಎರಡನ್ನೂ ಕೇಳದೆ ಬದಲಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2311 ಎಂದಿದ್ದರೆ ಅದು 2011ರ 23ನೇ ವಾರದ್ದು. ಪಟ್ಟಿ ಸವೆಯದೆ ಇದ್ದರೂ ಬಿಸಾಡಿ.

ಮನೆಯವರ ಮಾತಿಗೆ ಬಂದರೆ, ದುಡ್ಡು ನಿಮ್ಮದು, ಒಪ್ಪಿಗೆ ಬೇಡುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಕಾರು ಬರುವ ಮೊದಲೇ ಅದು ಎಲ್ಲಿ ನಿಲ್ಲುತ್ತದೆ, ವರ್ಷಕ್ಕೆ ಎಷ್ಟು ಸುರಿಯುತ್ತೀರಿ ಎಂಬುದನ್ನು ಬಾಯಿಬಿಟ್ಟು ಹೇಳಿಬಿಡಿ. ಕೊಂಡ ಬೆಲೆ ಮೊದಲ ಕಂತಷ್ಟೇ. ಇನ್ನೂ ಅರ್ಧದಷ್ಟು ಕೈಯಲ್ಲಿ ಉಳಿಯದಿದ್ದರೆ ಈ ವರ್ಷ ತಡೆಯಿರಿ.

ನಗುವವರಿಗೂ ಕೆಲಸವಿದೆ. ಮೊದಲ ರಜಾ ದಿನ ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಣ್ಣ ಸಂದಿ, ಹೊಂದಿಸಿ. ಎಂಜಿನ್ ತಣ್ಣಗಿರಲಿ, ಸ್ಪಾರ್ಕ್ ಪ್ಲಗ್ ಬಿಚ್ಚಿಡಿ. ಮೇಲಿನ ಮುಚ್ಚಳ ತೆಗೆದರೆ ಎಂಟು ವಾಲ್ವ್ ಒಂದೇ ಸಾಲಿನಲ್ಲಿ ಕಾಣುತ್ತವೆ. ಲೆಕ್ಕ ಒಂಬತ್ತರದು, ಎರಡು ಸಂಖ್ಯೆ ಕೂಡಿದರೆ ಒಂಬತ್ತಾಗಬೇಕು: ಎಂಟನೆಯದು ಪೂರ್ತಿ ಒತ್ತಿಕೊಂಡಾಗ ಒಂದನೆಯದನ್ನು ಹೊಂದಿಸಬೇಕು, ಮೂರನೆಯದು ಒತ್ತಿಕೊಂಡಾಗ ಆರನೆಯದನ್ನು. ಎಂಜಿನ್ ಚೂರುಚೂರೇ ತಿರುಗಿಸುವುದಕ್ಕೆ ಸಮತಟ್ಟಾದ ಜಾಗದಲ್ಲಿ ಕಾರನ್ನು ನಾಲ್ಕನೇ ಗೇರಿಗೆ ಹಾಕಿ ಹಿಂದಿನಿಂದ ನೂಕಬೇಕು, ಒಬ್ಬರಿಂದ ಆಗುವ ಕೆಲಸವಲ್ಲ. ಗಂಡನೂ ಮಗನೂ ನೂಕಲಿ, ನೀವು ‘ಸಾಕು’ ಎಂದಲ್ಲಿ ನಿಲ್ಲಿಸಲಿ. ಸಂದಿ ಅಳೆಯುವ ಫೀಲರ್ ಗೇಜೂ ಸ್ಪ್ಯಾನರೂ ನಿಮ್ಮ ಕೈಯಲ್ಲಿರಲಿ.