ಮ್ಯೂಸಿಕ್ ವಿಡಿಯೊ ಮಾಡುವವರು ಮೊದಲು ಹಾಡನ್ನು ಮುಗಿಸಿಕೊಳ್ಳಬೇಕು

ಮಾಧ್ಯಮ ತರಗತಿಗಾಗಿ ನಾಲ್ವರು ಸೇರಿ ಮೂರು ವಾರಗಳಲ್ಲಿ ಒಂದು ಮ್ಯೂಸಿಕ್ ವಿಡಿಯೊ ಮಾಡಬೇಕಾಗಿದೆ, ಕೈಯಲ್ಲಿರುವುದು ಎರಡು ಮೊಬೈಲ್ ಫೋನು ಮತ್ತು ಒಂದು ಟ್ರೈಪಾಡ್ ಮಾತ್ರ, ಮೊದಲು ಕಥೆ ಬರೆಯಬೇಕೋ ಹಾಡು ಆರಿಸಬೇಕೋ, ಹೆಸರಾದ ಸಿನಿಮಾ ಹಾಡನ್ನೇ ಬಳಸಿದರೆ ತೊಂದರೆ ಉಂಟೇ ಎಂದು ನೀವು ಕೇಳಿದ್ದೀರಿ. ಪದವಿಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಗ ನಾನೂ ಐವರು ಗೆಳೆಯರೊಂದಿಗೆ ಇದೇ ಕೆಲಸ ಮಾಡಿದ್ದೇನೆ. ಈಗ ಎಡಿಟಿಂಗ್ ನನ್ನ ವೃತ್ತಿಯಾಗಿದೆ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಖಚಿತವಾಗಿದೆ: ಹಾಡನ್ನು ಆರಿಸಿದರಷ್ಟೇ ಸಾಲದು, ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲೇ ಅದರ ಧ್ವನಿಮುದ್ರಣ ಕೊನೆಯ ರೂಪದಲ್ಲಿ ನಿಮ್ಮ ಬಳಿ ಇರಬೇಕು. ಆಮೇಲೆ ಹಾಡಿನ ಉದ್ದ ಬದಲಾದರೆ, ಚರಣವೊಂದು ಬಿಟ್ಟುಹೋದರೆ, ಗತಿ ತುಸು ಏರುಪೇರಾದರೂ ಚಿತ್ರೀಕರಿಸಿದ್ದರಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬಾರದಂತಾಗುತ್ತದೆ.

ಸಿನಿಮಾ ಹಾಡಿನ ವಿಚಾರಕ್ಕೆ ಬಂದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ, ಬೋಧನೆಯ ಭಾಗವಾಗಿ ಶಿಕ್ಷಕರೂ ವಿದ್ಯಾರ್ಥಿಗಳೂ ಕೃತಿಯೊಂದನ್ನು ಪ್ರತಿ ಮಾಡಿಕೊಳ್ಳಲು ಅವಕಾಶವಿದೆ. ಆದರೆ ಆ ವಿನಾಯಿತಿಯನ್ನು ನಂಬಿಕೊಂಡು ವಿಡಿಯೊವನ್ನು ಯೂಟ್ಯೂಬಿಗೆ ಏರಿಸಿದರೆ ಧ್ವನಿ ಗುರುತಿಸುವ ಯಾಂತ್ರಿಕ ವ್ಯವಸ್ಥೆ ಅದನ್ನು ಹಿಡಿದು ತಡೆಯಬಹುದು. ನಿಮ್ಮ ಕೆಲಸವನ್ನು ಮುಂದೆ ಯಾರಿಗಾದರೂ ತೋರಿಸಬೇಕಾದಾಗ ಕೊಂಡಿಯೇ ಇಲ್ಲವಾಗುತ್ತದೆ. ನಮ್ಮ ಕಾಯ್ದೆಯ ಪ್ರಕಾರ ಸಾಹಿತ್ಯಕ್ಕೂ ಸಂಗೀತಕ್ಕೂ ಕರ್ತೃವಿನ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ, ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ ರಕ್ಷಣೆ ಇರುತ್ತದೆ. ನಾವು ಶಿಶುನಾಳ ಶರೀಫರ ತತ್ವಪದವೊಂದನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಶರೀಫರು 1889ರಲ್ಲಿ ತೀರಿಕೊಂಡವರು, ಆದ್ದರಿಂದ ಪದದ ಸಾಹಿತ್ಯ ಎಲ್ಲರದು. ಆದರೆ ಕ್ಯಾಸೆಟ್ಟುಗಳ ಮೂಲಕ ಮನೆಮಾತಾದ ಧಾಟಿ ಅದನ್ನು ಸಂಯೋಜಿಸಿದವರದು ಎಂಬುದನ್ನು ಮರೆಯಬಾರದು. ನಮ್ಮ ತಂಡದ ಹುಡುಗನೊಬ್ಬ ತನ್ನದೇ ಧಾಟಿ ಕಟ್ಟಿದ. ನಿಮ್ಮ ಕಾಲೇಜಿನಲ್ಲಿಯೂ ಹಾಡು ಕಟ್ಟುವವರು ಒಬ್ಬರಾದರೂ ಇದ್ದೇ ಇರುತ್ತಾರೆ, ಅವರನ್ನು ಹುಡುಕಿ.

ಸ್ಟುಡಿಯೊ ಬಾಡಿಗೆಗೆ ಹಣವಿರಲಿಲ್ಲವಾದ್ದರಿಂದ ಗೆಳೆಯನ ಮನೆಯ ಒಂದು ಸಣ್ಣ ಕೋಣೆಯಲ್ಲಿ, ಮೂರು ಗೋಡೆಗೂ ಅಜ್ಜಿ ಹೊಲಿದ ಕೌದಿಗಳನ್ನು ತೂಗುಬಿಟ್ಟು ಮುದ್ರಿಸಿಕೊಂಡೆವು. ಕೌದಿ ದಪ್ಪವಾಗಿರುವುದರಿಂದ ಕೋಣೆಯ ಮಾರ್ದನಿ ಬಹುಮಟ್ಟಿಗೆ ಅಡಗಿತು. ಹಾಡುವವನ ಕಿವಿಗೆ ಇಯರ್‌ಫೋನಿನಲ್ಲಿ ಒಂದೇ ಗತಿಯಲ್ಲಿ ಟಕಟಕ ಎನ್ನುವ ಮೆಟ್ರೊನೋಮ್ ಹಾಕಿ, ನಿಮಿಷಕ್ಕೆ 75 ಎಣಿಕೆಯ ಗತಿಯನ್ನು ಕಟ್ಟುನಿಟ್ಟಾಗಿ ಹಿಡಿದೆವು. ಭಜನೆಯ ಪದಗಳನ್ನು ಹಾಡಿ ರೂಢಿಯಿದ್ದವರಿಗೆ ಇದು ಸುಲಭವಲ್ಲ, ಏಕೆಂದರೆ ಮೇಳದಲ್ಲಿ ಹಾಡುವಾಗ ಗತಿ ತಾನಾಗಿಯೇ ಏರುತ್ತದೆ. ಆದರೂ ಬಿಡಬೇಡಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಆ ಲೆಕ್ಕ ಹೀಗಿದೆ. ನಿಮಿಷಕ್ಕೆ 75 ಎಣಿಕೆ ಎಂದರೆ ಒಂದು ಎಣಿಕೆಗೆ 0.8 ಸೆಕೆಂಡು, ಸೆಕೆಂಡಿಗೆ 25 ಫ್ರೇಮಿನಂತೆ (ಫ್ರೇಮು ಎಂದರೆ ಒಂದು ಬಿಡಿ ಚಿತ್ರ) ಚಿತ್ರೀಕರಿಸಿದರೆ ಸರಿಯಾಗಿ 20 ಫ್ರೇಮು. ಎಂಟು ಎಣಿಕೆಯ ಒಂದು ಆವರ್ತನ 6.4 ಸೆಕೆಂಡು, ಅಂದರೆ 160 ಫ್ರೇಮು. ನಮ್ಮ ಹಾಡು 32 ಆವರ್ತನಗಳಲ್ಲಿ ಮುಗಿಯುತ್ತಿತ್ತು, ಒಟ್ಟು ಸುಮಾರು 3 ನಿಮಿಷ 25 ಸೆಕೆಂಡು. ನಾವು ಉದ್ದ ಗೆರೆಯ ಲೆಡ್ಜರ್ ಹಾಳೆಯೊಂದರಲ್ಲಿ 32 ಸಾಲು ಎಳೆದು, ಪ್ರತಿ ಸಾಲಿನಲ್ಲಿ ಆ ಆವರ್ತನದಲ್ಲಿ ಬರುವ ಪದ, ನುಡಿಸುವ ವಾದ್ಯ, ತೆರೆಯ ಮೇಲೆ ಕಾಣಬೇಕಾದದ್ದು, ಅದನ್ನು ಎಲ್ಲಿ ಚಿತ್ರೀಕರಿಸಬೇಕು ಎಂಬುದನ್ನು ಬರೆದೆವು. ಪಲ್ಲವಿ ಮರಳಿ ಬರುವ ಸಾಲುಗಳಿಗೆ ಕೆಂಪು ಬಣ್ಣ ಬಳಿದೆವು. ಹಾಳೆಯನ್ನು ಗೋಡೆಗೆ ಅಂಟಿಸಿ ನೋಡಿದಾಗಲೇ ಎರಡನೆಯ ಚರಣಕ್ಕೆ ನಮ್ಮಲ್ಲಿ ಹೇಳುವುದೇನೂ ಇಲ್ಲವೆಂಬುದು ಕಣ್ಣಿಗೆ ಬಿತ್ತು. ಒಂಬತ್ತು ಸಾಲು ಖಾಲಿ! ಕಥೆಯನ್ನು ಪುಟಗಟ್ಟಲೆ ಬರೆದಿದ್ದರೆ ಈ ಕೊರತೆ ಎಡಿಟಿಂಗ್ ಮೇಜಿನವರೆಗೂ ಗೊತ್ತಾಗುತ್ತಿರಲಿಲ್ಲ. ನಿಮ್ಮ ಮೊದಲ ವಾರವನ್ನು ಮುದ್ರಣಕ್ಕೂ ಈ ಹಾಳೆಗೂ ಮೀಸಲಿಡಿ.

ಆ ಖಾಲಿ ಸಾಲುಗಳನ್ನು ತುಂಬಿದ್ದು ತಂಡದ ಗೆಳತಿಯೊಬ್ಬಳ ಮನೆಯ ಮಗ್ಗ. ಅವಳ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ, ಖಣ ಎಂಬ ರವಿಕೆ ಬಟ್ಟೆಗೆ ಹೆಸರಾದದ್ದು; ಮನೆಯಲ್ಲಿ ಅಜ್ಜ ಇನ್ನೂ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಖಣ ನೇಯುತ್ತಿದ್ದರು. ಹಾಡಿನ ತಾಳಕ್ಕೆ ಸರಿಯಾಗಿ ಲಾಳಿ ಓಡಬೇಕೆಂಬ ಆಸೆಯಿಂದ ನಾವು ಸ್ಪೀಕರಿನಲ್ಲಿ ಹಾಡು ಹಚ್ಚಿ, ಅದಕ್ಕೆ ತಕ್ಕಂತೆ ನೇಯಿರೆಂದು ಅಜ್ಜನನ್ನು ಕೇಳಿಕೊಂಡೆವು. ಅವರು ಎರಡು ಸಲ ಪ್ರಯತ್ನಿಸಿದರು, ಮೂರನೆಯ ಸಲ ಹಾಸಿನ ಎಳೆ ಹರಿಯಿತು. ಅದನ್ನು ಬೆರಳ ತುದಿಯಲ್ಲಿ ಹೊಸೆದು ಗಂಟು ಹಾಕುತ್ತ, "ತಮ್ಮಾ, ಎಳಿ ನನ್ನ ಕೈ ಮಾತ ಕೇಳತೈತಿ, ನಿಮ್ಮ ಪದದ ಮಾತ ಕೇಳಂಗಿಲ್ಲ" ಎಂದರು. ಹಾಡನ್ನು ನಿಲ್ಲಿಸಿದೆವು. ಅವರ ಪಾಡಿಗೆ ಅವರು ನೇಯುತ್ತಿರಲು ಲಾಳಿ, ತುಳಿಯುವ ಪಾದ, ಎಳೆಗಳ ನಡುವಿನ ಬೆಳಕು, ಗಂಟು ಹಾಕುವ ಬೆರಳು ಎಂದು ಹತ್ತಿರದಿಂದ ಬಿಡಿಬಿಡಿಯಾಗಿ ತೆಗೆದೆವು. ಎಡಿಟಿಂಗಿನಲ್ಲಿ ಲಾಳಿ ದಡ ಮುಟ್ಟುವ ಫ್ರೇಮನ್ನು ಹಾಡಿನಲ್ಲಿ ಬರುವ ದಪ್ಪು ಎಂಬ ಚರ್ಮವಾದ್ಯದ ಪೆಟ್ಟಿನ ಮೇಲೆ ಕೂರಿಸಿದಾಗ ಎರಡೂ ಒಂದೇ ಕೈಯಿಂದ ಹೊರಟಂತೆ ಕಂಡವು. ತುಟಿ ಕಾಣುವ ಶಾಟಿಗೆ ಹಾಡು ಬೇಕೇ ಬೇಕು. ಕೆಲಸ ಮಾಡುವ ಕೈಯ ಶಾಟಿಗೆ ಹಾಡು ಬೇಡ, ತಾಳ್ಮೆ ಬೇಕು.

ತುಟಿಯ ಶಾಟುಗಳಲ್ಲಿ ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮೊದಲ ದಿನ ಊರಾಚೆಯ ಗುಡ್ಡದ ಮೇಲೆ ಹಾಡುಗಾರನ ಜೇಬಿನಲ್ಲಿಯೇ ಫೋನಿಟ್ಟು ಹಾಡು ಹಚ್ಚಿದ್ದೆವು. ಗಾಳಿಯಲ್ಲಿ ಅವನಿಗೆ ಏನೂ ಕೇಳಿಸದೆ ತನ್ನ ಅಂದಾಜಿನಲ್ಲಿ ಹಾಡಿದ. ರಾತ್ರಿ ಕೂತು ನೋಡಿದರೆ ಒಂದು ಶಾಟಿನಲ್ಲಿಯೂ ತುಟಿ ಹೊಂದುತ್ತಿರಲಿಲ್ಲ. ಮರುದಿನ ಮದುವೆ ಮನೆಗಳಿಗೆ ಬಾಡಿಗೆ ಕೊಡುವ ಸ್ಪೀಕರೊಂದನ್ನು ತಂದು, ಹಾಡಿನ ಮುಂದೆ ನಾಲ್ಕು ಎಣಿಕೆಯ ಟಕಟಕ ಸೇರಿಸಿ, ಪ್ರತಿ ಕೋನದಿಂದಲೂ ಇಡೀ ಹಾಡನ್ನು ಎರಡೆರಡು ಸಲ ತೆಗೆದೆವು. ಮೂರು ಕೋನಕ್ಕೆ ಒಟ್ಟು ಇಪ್ಪತ್ತು ನಿಮಿಷದ ಚಿತ್ರಿಕೆಯಷ್ಟೇ ಆಯಿತು, ಆದರೆ ಯಾವ ಸಾಲಿಗೂ ಕೊರತೆಯಾಗಲಿಲ್ಲ. ಹಾಡುವವರು ಬರಿದೆ ತುಟಿ ಆಡಿಸದೆ ಗಟ್ಟಿಯಾಗಿ ಹಾಡಲಿ. ಕೊರಳಿನ ನರ ಬಿಗಿಯುವುದು, ಉಸಿರು ಎಳೆದುಕೊಳ್ಳುವುದು ನೋಡುವವರಿಗೆ ಕಂಡೇ ಕಾಣುತ್ತದೆ. ನಿಧಾನ ಚಲನೆಯಲ್ಲಿ ತುಟಿ ಹೊಂದಬೇಕಾದರೆ ಸೆಕೆಂಡಿಗೆ 50 ಫ್ರೇಮಿನಂತೆ ತೆಗೆಯುತ್ತ ಹಾಡನ್ನು ಇಮ್ಮಡಿ ವೇಗದಲ್ಲಿ ಹಚ್ಚಿ, ಆಮೇಲೆ 25ಕ್ಕೆ ಇಳಿಸಿ.

ಫೋನಿನಲ್ಲಿ ತೆಗೆಯುವವರು ಗಮನಿಸಲೇಬೇಕಾದ ಇನ್ನೆರಡು ಸಂಗತಿಗಳಿವೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗವನ್ನು, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಒಳಬಿಡುವ ಅವಧಿಯನ್ನು, 1/50 ಅಥವಾ 1/100 ಸೆಕೆಂಡಿಗೆ ಕಟ್ಟಿಹಾಕದಿದ್ದರೆ ಚಿತ್ರದಲ್ಲಿ ಪಟ್ಟೆಗಳು ಓಡಾಡುತ್ತವೆ. ಎರಡನೆಯದಾಗಿ, ಬೆಳಕು ಕಡಿಮೆಯಾದಾಗ ಫೋನಿನ ಕ್ಯಾಮೆರಾ ಫ್ರೇಮಿನ ವೇಗವನ್ನು ತಾನಾಗಿಯೇ ಬದಲಿಸುತ್ತದೆ. ಅಂಥ ಕ್ಲಿಪ್ಪನ್ನು ಎಡಿಟಿಂಗಿಗೆ ಹಾಕಿದಾಗ ಆರಂಭದಲ್ಲಿ ಸರಿಯಿದ್ದ ತುಟಿ ಕೊನೆಗೆ ಬರುವಷ್ಟರಲ್ಲಿ ಜಾರಿರುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಉಚಿತ ಆ್ಯಪಿನಲ್ಲಿ ಫ್ರೇಮಿನ ವೇಗ, ಶಟರ್, ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವುದು) ಮೂರನ್ನೂ ಬೀಗ ಹಾಕಿ. ಎರಡು ಫೋನುಗಳೂ ಒಂದೇ ವೇಗದಲ್ಲಿರಲಿ. ಮಗ್ಗದ ಕೋಣೆಯಲ್ಲಿ ನಾವು ದೀಪವನ್ನೇ ಬಳಸಲಿಲ್ಲ. ಬೆಳಕಿಂಡಿಯಿಂದ ಬೀಳುತ್ತಿದ್ದ ಬಿಸಿಲಿಗೆ ಬಿಳಿಯ ಥರ್ಮಾಕೋಲ್ ಹಾಳೆ ಅಡ್ಡ ಹಿಡಿದು ಅಜ್ಜನ ಮುಖದ ಕಡೆ ತಿರುಗಿಸಿದೆವು.

ಎಡಿಟಿಂಗಿಗೆ ಒಂದು ವಾರ ಪೂರ್ತಿ ಬೇಕು. ಮೊದಲು ಹಾಡುಗಾರನ ಅತ್ಯುತ್ತಮ ಟೇಕ್ ಒಂದನ್ನು ಆದಿಯಿಂದ ಅಂತ್ಯದವರೆಗೆ ಹಾಸಿಕೊಂಡು, ಫೋನು ಮುದ್ರಿಸಿದ ಧ್ವನಿಯ ಅಲೆಯನ್ನು ಮೂಲ ಹಾಡಿನ ಅಲೆಗೆ ಹೊಂದಿಸಿ, ಅದರ ಮೇಲೆ ಉಳಿದ ಶಾಟುಗಳನ್ನು ಇಡುತ್ತ ಹೋಗಿ. ಪ್ರತಿ ಪೆಟ್ಟಿಗೂ ಕತ್ತರಿ ಹಾಕುವುದು ಹೊಸಬರ ಚಟ. ನನ್ನ ಅನುಭವದಲ್ಲಿ ಮೂರನೆಯ ಆವರ್ತನಕ್ಕೇ ಕಣ್ಣು ದಣಿಯುತ್ತದೆ. ಪದದ ಸಾಲು ಮುಗಿದು ಹಾಡುಗಾರ ಉಸಿರು ತೆಗೆದುಕೊಳ್ಳುವ ಕಡೆ ಕತ್ತರಿಸಿ ನೋಡಿ. ತೆರೆಯ ಮೇಲೆ ಸಾಹಿತ್ಯ ಹಾಕುವುದಾದರೆ ಯೂನಿಕೋಡ್ ಅಕ್ಷರವನ್ನೇ ಬಳಸಿ, ಒತ್ತಕ್ಷರಗಳು ಒಡೆದಿಲ್ಲವೆಂದು ಸಾಲುಸಾಲಾಗಿ ನೋಡಿಕೊಳ್ಳಿ; ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಪಠ್ಯದ ಎಂಜಿನನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಬದಲಿಸದಿದ್ದರೆ ಕನ್ನಡ ಒಡೆದು ಬರಬಹುದು.

ಜಾಗ ಆರಿಸುವಾಗ ಹಂಪಿ, ಬಾದಾಮಿಯಂಥ ಪುರಾತತ್ವ ಇಲಾಖೆಯ ಸ್ಮಾರಕಗಳಿಗೂ ರೈಲು ನಿಲ್ದಾಣಕ್ಕೂ ಲಿಖಿತ ಅನುಮತಿ ಬೇಕೆಂಬುದು ನೆನಪಿರಲಿ, ಮೂರು ವಾರದಲ್ಲಿ ಅದು ಕೈಸೇರುವುದು ಕಷ್ಟ. ಯಾರದೇ ಮನೆಯಲ್ಲಿ ತೆಗೆದರೂ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ನಾವು ಗೋಡೆಗೆ ಅಂಟಿಸಿದ್ದ ಹಾಳೆಯನ್ನು, ಹೊಡೆದುಹಾಕಿದ ಸಾಲುಗಳ ಸಮೇತ, ವರದಿಯ ಜೊತೆಗೇ ಸಲ್ಲಿಸಿದೆವು. ನೀವೂ ನಿಮ್ಮದನ್ನು ಎಸೆಯದೆ ಇಟ್ಟುಕೊಳ್ಳಿ. ಹಾಡು ಗೊತ್ತಾದ ಮೇಲೆ ಅದರ ಗತಿಯನ್ನೂ ಉದ್ದವನ್ನೂ ಇಲ್ಲಿ ಬರೆದರೆ ಆವರ್ತನಗಳ ಲೆಕ್ಕ ಹಾಕಿಕೊಡುತ್ತೇನೆ.