ಎರಡು ಅಕ್ಷರದ ಪ್ರಾರ್ಥನೆ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಬ್ಬರ ವಿಷಯ ಇದು. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಬಂದವರು ಚಿತ್ರ ಕಲಾವಿದೆ, ವಯಸ್ಸು ಮೂವತ್ತು ದಾಟಿದೆ. ಕಥೋಲಿಕ ಕ್ರೈಸ್ತರು, ಚಿಕ್ಕಂದಿನಿಂದ ಪ್ರಾರ್ಥನೆ ಬಿಟ್ಟವರಲ್ಲ. ಎಂಟು ತಿಂಗಳಿಂದ ಒಂದು ಚಿತ್ರವೂ ಮುಗಿದಿರಲಿಲ್ಲ. ಕೂತ ತಕ್ಷಣ ಕೇಳಿದ್ದು ಒಂದೇ ಮಾತು: "ಮೇಡಂ, ದೇವರು ಕೊಟ್ಟಿದ್ದನ್ನ ವಾಪಸ್ ತಗೊಂಡುಬಿಟ್ರಾ?"

ಮೊದಲು ನಿದ್ದೆ, ಊಟ, ಬದುಕುವ ಆಸೆ ಇವುಗಳ ಬಗ್ಗೆ ವಿಚಾರಿಸಿದೆ. ಕಲಾವಿದರ ಕೈ ಕಟ್ಟಿಹೋದಾಗ ಅದರ ಹಿಂದೆ ಖಿನ್ನತೆ ಇರಬಹುದು. ಹಾಗಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. ಇವರಲ್ಲಿ ಅಂಥ ಲಕ್ಷಣ ಕಾಣಲಿಲ್ಲ. ಆಮೇಲೆ ದಿನಚರಿ ಕೇಳಿದೆ. ಬೆಳಗಿನ ಜಾವ ಎದ್ದು ಎರಡೂವರೆ ಗಂಟೆ ಪ್ರಾರ್ಥನೆ. ಬ್ರಷ್ ಹಿಡಿಯುವುದು ಹತ್ತೇ ನಿಮಿಷ. ಗೆರೆ ಸರಿ ಬರದಿದ್ದರೆ ಮತ್ತೆ ಮೊಣಕಾಲೂರಿ ಪ್ರಾರ್ಥನೆ. ಒಂದೇ ತಿಂಗಳಲ್ಲಿ ಮೂರು ಸಲ ಪಾಪನಿವೇದನೆಗೂ ಹೋಗಿ ಬಂದಿದ್ದರು.

ಎರಡನೇ ಭೇಟಿಗೆ ಸ್ಕೆಚ್ ಪುಸ್ತಕ ತನ್ನಿ ಅಂದಿದ್ದೆ. ತಂದರು. ಒಂದು ಪುಟದಲ್ಲಿ ಹೆಂಗಸಿನ ಕೈ, ಬಟ್ಟಲು ಹಿಡಿದದ್ದು. ಅದನ್ನು ಅಳಿಸಿ ಬರೆದು, ಅಳಿಸಿ ಬರೆದು, ಕಾಗದವೇ ಸವೆದು ಹಿಂದಿನ ಪುಟದ ಗೆರೆ ಕಾಣುತ್ತಿತ್ತು. ಹೆಬ್ಬೆರಳಿನ ಹತ್ತಿರ ತೂತು ಬಿದ್ದಿತ್ತು. "ಈ ಕೈ ಬರ್ತಿಲ್ಲ ಅಂದ್ರೆ ನನ್ನಲ್ಲೇನೋ ತಪ್ಪಿದೆ" ಅಂದರು. ನನಗೆ ಸಮಸ್ಯೆಯ ಬುಡ ಸಿಕ್ಕಿದ್ದು ಆಗಲೇ. ಅವರು ಪ್ರತಿ ಗೆರೆಯಲ್ಲೂ ದೇವರ ಉತ್ತರ ಹುಡುಕುತ್ತಿದ್ದರು. ಗೆರೆ ಚೆನ್ನಾಗಿ ಬಂದರೆ ದೇವರು ಒಲಿದಿದ್ದಾನೆ, ಕೆಟ್ಟರೆ ಮುನಿದಿದ್ದಾನೆ. ಇಷ್ಟು ಭಾರ ಹೊತ್ತ ಪೆನ್ಸಿಲ್ ಹೇಗೆ ತಾನೇ ಓಡೀತು?

ಅವರ ಮನಸ್ಸಿನಲ್ಲಿ ಒಂದು ಮಾದರಿಯೂ ಕೂತಿತ್ತು. ಸಂಗೀತಗಾರ ಹೈಡನ್ (1732–1809) ರಚನೆ ಮುಂದೆ ಸಾಗದಿದ್ದಾಗ ಕೈಯಲ್ಲಿ ಜಪಸರ ಹಿಡಿದು ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಾ ಪ್ರಾರ್ಥಿಸುತ್ತಿದ್ದ, ಆಮೇಲೆ ಹೊಳಹು ಬರುತ್ತಿತ್ತು ಎಂದು ಅವನ ಜೀವನಚರಿತ್ರೆಕಾರರು ಬರೆದಿದ್ದಾರೆ. "ಅವನಿಗೆ ಬಂತು, ನನಗೆ ಯಾಕೆ ಬರಲ್ಲ?" ಅನ್ನುವುದು ಇವರ ಪ್ರಶ್ನೆ. ಅದೇ ಹೈಡನ್ ದಿನವೂ ವಾದ್ಯದ ಮುಂದೆ ಕೂತು, ಏನಾದರೂ ಒಂದು ಹೊಳೆಯುವ ತನಕ ಸುಮ್ನೆ ನುಡಿಸುತ್ತಿದ್ದ ಎಂದೂ ಅವರೇ ಬರೆದಿದ್ದಾರೆ. ಇವರು ಆ ಅರ್ಧ ಭಾಗವನ್ನು ಓದಿಯೇ ಇರಲಿಲ್ಲ.

ನಾನು ದೇವಶಾಸ್ತ್ರ ಕಲಿತವಳಲ್ಲ. ಆದರೆ ಬಂದವರ ನಂಬಿಕೆಯ ಒಳಗೇ ದಾರಿ ಹುಡುಕಬೇಕು ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ. "ಸ್ವಲ್ಪ ದಿನ ಪ್ರಾರ್ಥನೆ ಬಿಟ್ಟುಬಿಡಿ" ಅಂದಿದ್ದರೆ ಅವರ ಕಾಲ ಕೆಳಗಿನ ನೆಲವನ್ನೇ ಎಳೆದಂತೆ ಆಗುತ್ತಿತ್ತು. ಹಾಗಾಗಿ ಇನ್ನೊಬ್ಬ ಸಂಗೀತಗಾರ ಬಾಖ್ ವಿಷಯ ಎತ್ತಿದೆ. ಅವನ ಅನೇಕ ಹಸ್ತಪ್ರತಿಗಳ ತಲೆಯಲ್ಲಿ 'ಜೆ. ಜೆ.' ಎಂದು ಇರುತ್ತದೆ. ಲ್ಯಾಟಿನ್ನಿನಲ್ಲಿ "ಯೇಸುವೇ, ಸಹಾಯ ಮಾಡು" ಅನ್ನುವುದರ ಮೊದಲಕ್ಷರಗಳು. ಕೊನೆಯಲ್ಲಿ 'ಎಸ್. ಡಿ. ಜಿ.', ಅಂದರೆ ದೇವರೊಬ್ಬನಿಗೇ ಮಹಿಮೆ. 1723ರಲ್ಲಿ ಜರ್ಮನಿಯ ಲೈಪ್ಜಿಗ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮೊದಲ ಕೆಲವು ವರ್ಷ ಅವನು ಹೆಚ್ಚುಕಮ್ಮಿ ವಾರಕ್ಕೊಂದು ಕಾಂಟಾಟಾ, ಅಂದರೆ ಭಾನುವಾರದ ಆರಾಧನೆಯಲ್ಲಿ ಹಾಡುವ ಸಂಗೀತ ರಚನೆ, ಒದಗಿಸಬೇಕಿತ್ತು. ಭಾನುವಾರ ಯಾರ ಸ್ಫೂರ್ತಿಗೂ ಕಾಯುವುದಿಲ್ಲ ಅಲ್ವಾ? ಮೇಲೆ ಎರಡು ಅಕ್ಷರ, ಕೆಳಗೆ ಮೂರು ಅಕ್ಷರ, ನಡುವೆ ಪೂರ್ತಿ ಕೆಲಸ. ಇದನ್ನು ಕೇಳಿ ಅವರು ತುಂಬಾ ಹೊತ್ತು ಮಾತಾಡಲಿಲ್ಲ. "ಅಷ್ಟು ಚಿಕ್ಕ ಪ್ರಾರ್ಥನೆ ಸಾಕಾ?" ಅಂತ ಕೊನೆಗೆ ಮೆಲ್ಲಗೆ ಕೇಳಿದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಬೆಳಗಿನ ಪ್ರಾರ್ಥನೆ ಇಪ್ಪತ್ತು ನಿಮಿಷಕ್ಕೆ ನಿಲ್ಲಲಿ. ಅದರಲ್ಲಿ ಚಿತ್ರ ಕೊಡು ಎಂದು ಕೇಳುವುದು ಬೇಡ. ಕಾಗದದ ಮೂಲೆಯಲ್ಲಿ ಆ ಎರಡು ಅಕ್ಷರ ಬರೆದು ಕೆಲಸಕ್ಕೆ ಕೂರಿ. ಬರಲಿ ಬಿಡಲಿ, ಎರಡು ಗಂಟೆ ಏಳಬೇಡಿ. ನಡುವೆ ಗೆರೆ ಕೆಟ್ಟರೆ ಮೊಣಕಾಲೂರುವುದಲ್ಲ, ರಬ್ಬರ್ ತಗೊಳ್ಳಿ. ಅಷ್ಟೇ.

ಬೈಬಲಿನ ವಿಮೋಚನಕಾಂಡದ 31ನೇ ಅಧ್ಯಾಯವನ್ನು ಒಟ್ಟಿಗೆ ಓದಿದೆವು. ಅಲ್ಲಿ ದೇವರು ಬೆಚಲೇಲ ಎಂಬ ಕುಶಲಕರ್ಮಿಯನ್ನು ತನ್ನ ಆತ್ಮದಿಂದ ತುಂಬಿಸುತ್ತಾನೆ. ಯಾತಕ್ಕೆ? ಚಿನ್ನ, ಬೆಳ್ಳಿ, ತಾಮ್ರದ ಕೆಲಸಕ್ಕೆ, ಕಲ್ಲು ಕೆತ್ತುವುದಕ್ಕೆ, ಮರ ಕೆತ್ತುವುದಕ್ಕೆ. ಕೈಕೆಲಸದ ಜಾಣ್ಮೆಯೇ ಅಲ್ಲಿ ವರ. ಎರಡು ಗಂಟೆ ಕೈ ಪಳಗಿಸುವುದೂ ಪ್ರಾರ್ಥನೆಯೊಳಗೇ ಸೇರುತ್ತದೆ ಎಂದು ಅವರಿಗೆ ನಂಬಿಕೆ ಬಂದದ್ದು ಈ ಪಟ್ಟಿಯಿಂದ, ನನ್ನ ಮಾತಿನಿಂದ ಅಲ್ಲ.

ಇನ್ನೊಂದು ತೊಡಕಿತ್ತು. ದೇವರ ಮೇಲೆ ಅವರಿಗೆ ಸಿಟ್ಟು ಬಂದಿತ್ತು. ಬಾಯಿಬಿಟ್ಟು ಹೇಳಲು ಭಯ. ಬೈಬಲಿನ 88ನೇ ಕೀರ್ತನೆ ಓದಿ ಬನ್ನಿ ಅಂದೆ. ಗೋಳಿನ ಬೇರೆ ಕೀರ್ತನೆಗಳಲ್ಲಿ ಸಾಮಾನ್ಯವಾಗಿ ಕೊನೆಗೊಂದು ಸ್ತುತಿಯೋ ಭರವಸೆಯೋ ಇರುತ್ತದೆ. ಇದು ಮಾತ್ರ ಕತ್ತಲೆಯಲ್ಲೇ ನಿಂತುಬಿಡುತ್ತದೆ. ಆದರೂ ಅದು ಪ್ರಾರ್ಥನೆ. ಮುಂದಿನ ಭೇಟಿಯಲ್ಲಿ ಅವರು ತುಂಬಾ ಅತ್ತರು. ನಾನು ಏನೂ ಹೇಳಲಿಲ್ಲ, ನೀರು ಕೊಟ್ಟೆ.

ಚಿತ್ರ ಬರೆಯಲು ಹಲಗೆ ನಿಲ್ಲಿಸುವ ಈಸೆಲ್ ಮಾರಿಬಿಡುತ್ತೇನೆ ಎಂದು ಅವರು ಹೊರಟಿದ್ದನ್ನು ತಡೆದದ್ದು ಮಾತ್ರ ಸಂತ ಇಗ್ನೇಷಿಯಸ್ ಲೊಯೋಲಾರ ಹಳೆಯ ನಿಯಮ. ಮನಸ್ಸು ಬರಡಾದ ಹೊತ್ತಿನಲ್ಲಿ ಮೊದಲಿನ ತೀರ್ಮಾನ ಬದಲಿಸಬೇಡ ಎನ್ನುತ್ತದೆ ಅದು. ಅವರ ಚರ್ಚಿನ ಫಾದರ್ ಜೊತೆಗೂ ಮಾತಾಡಲು ಹೇಳಿದ್ದೆ. ಅವರೂ ಅದನ್ನೇ ಹೇಳಿದರಂತೆ.

ಮೂರನೇ ವಾರ ಅವರು ಮತ್ತೆ ಎರಡೂವರೆ ಗಂಟೆಯ ಪ್ರಾರ್ಥನೆಗೆ ಹೋಗಿದ್ದರು. ಹಳೇ ಭಯ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬೈಯಲಿಲ್ಲ, ಮತ್ತೆ ಇಪ್ಪತ್ತು ನಿಮಿಷಕ್ಕೆ ಇಳಿಸಿದೆವು.

ಹತ್ತನೇ ಭೇಟಿಗೆ ಸ್ಕೆಚ್ ಪುಸ್ತಕ ತಾವಾಗಿಯೇ ತಂದರು. ಅದೇ ಹೆಂಗಸು, ಈ ಸಲ ಪೂರ್ತಿ ನಿಂತಿದ್ದಾಳೆ. ಮೇಲಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಆ ಎರಡು ಅಕ್ಷರ, ತುಂಬಾ ಚಿಕ್ಕದಾಗಿ. ನಾನು ನೋಡುತ್ತಿದ್ದಂತೆ ಅವರೇ ಬಗ್ಗಿ ಬೆರಳಿಟ್ಟು ತೋರಿಸಿದರು. "ಎಡಗಾಲು ಸರಿ ಬಂದಿಲ್ಲ ಮೇಡಂ, ಪಾದ ಜಾಸ್ತಿ ಉದ್ದ ಆಯ್ತು. ನಾಳೆ ತಿದ್ದಬೇಕು."