ಟ್ವೈಲೈಟ್ ಝೋನ್ ಬ್ಲೂ-ರೇಯಲ್ಲಿ ಕೆಲವು ಕಂತುಗಳು ಮಾತ್ರ ಯಾಕೆ ಮಂಕಾಗಿ ಕಾಣುತ್ತವೆ?
ಡಿಸ್ಕಿನ ತಪ್ಪಲ್ಲ, ನಿಮ್ಮ ಟಿವಿಯ ತಪ್ಪೂ ಅಲ್ಲ. 1959ರಿಂದ 1964ರವರೆಗೆ ಅಮೆರಿಕದ ಸಿಬಿಎಸ್ ಟಿವಿ ವಾಹಿನಿಯಲ್ಲಿ ಬಂದ ಈ ಸರಣಿಯಲ್ಲಿ ಒಟ್ಟು 156 ಕಂತುಗಳು. ಹೆಚ್ಚುಕಡಿಮೆ ಎಲ್ಲವನ್ನೂ 35 ಎಂಎಂ ಫಿಲ್ಮಿನಲ್ಲೇ ತೆಗೆದರು. ಆ ಫಿಲ್ಮಿನಲ್ಲಿರುವ ವಿವರ ತುಂಬಾ ಜಾಸ್ತಿ. ಅದನ್ನು ಪೂರ್ತಿ ತೋರಿಸುವ ತಾಕತ್ತು ಅಂದಿನ ಟಿವಿಗಳಿಗೆ ಇರಲಿಲ್ಲ. ಈಗ ಹೊಸದಾಗಿ ಸ್ಕ್ಯಾನ್ ಮಾಡಿದಾಗ ಹಣೆಯ ಬೆವರು, ಕೋಟಿನ ನೇಯ್ಗೆ ಕೂಡ ಕಾಣುತ್ತದೆ.

ಎರಡನೇ ಸೀಸನ್ನಿನಲ್ಲಿ ಮಾತ್ರ ಖರ್ಚು ಉಳಿಸಲು ಆರು ಕಂತುಗಳನ್ನು ವಿಡಿಯೋ ಟೇಪಿನಲ್ಲಿ ತೆಗೆದರು. ಟೇಪಿಗೆ ಹತ್ತಿದ್ದೇ ಅಂದಿನ ಟಿವಿ ತೋರಿಸಬಲ್ಲಷ್ಟು ವಿವರದ ಚಿತ್ರ. ಇಲ್ಲದ ವಿವರವನ್ನು ಬ್ಲೂ-ರೇ ಎಲ್ಲಿಂದ ತರಬೇಕು, ಅಲ್ವಾ? ಆಗ ಟೇಪನ್ನು ಎಡಿಟ್ ಮಾಡುವುದೂ ಕಷ್ಟ, ಕ್ಯಾಮೆರಾ ಹೊತ್ತು ಹೊರಗೆ ಹೋಗುವುದೂ ಕಷ್ಟ. ಹಾಗಾಗಿ ಇವು ಸ್ಟುಡಿಯೋದೊಳಗೆ ಆಡಿದ ನಾಟಕದ ಹಾಗಿವೆ. ನಿರ್ಮಾಪಕರಿಗೂ ಇದು ಹಿಡಿಸಲಿಲ್ಲ, ಆರಕ್ಕೇ ಕೈಬಿಟ್ಟರು.

ಮಂಕು ಅಂತ ಸುಮ್ನೆ ದಾಟಿ ಹೋಗಬೇಡಿ. ಕ್ರಿಸ್‌ಮಸ್‌ನಲ್ಲಿ ಅಂಗಡಿಯ ಸಾಂಟಾ ವೇಷ ಹಾಕುವ ಕುಡುಕನ ಕಥೆ ಈ ಆರರಲ್ಲೇ ಇದೆ. ನನಗಂತೂ ಐದು ನಿಮಿಷದಲ್ಲಿ ಚಿತ್ರದ ಗುಣಮಟ್ಟ ಮರೆತೇಹೋಗಿತ್ತು.